ಬೇನೆ ನಿಂತ ಹಲ್ಲು



"ಹಲ್ಲ ಬ್ಯಾನಿ ಯಾರಿಗಿಲ್ಲ? ಒಂದ್ ಲವಂಗ ಕಚ್ಚಿ ಹಿಡಿ, ಹೋಗ್ತೈತಿ." ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜ ತಾಲೂಕಿನ ಕನ್ನಡದ ಮನೆಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಈ ಮಾತು ಕೇಳದೆ ಬೆಳೆದ ಮಕ್ಕಳು ಕಡಿಮೆ. ಹೇಳುವವಳು ಅವ್ವ. ಎದುರಿಗೆ ಕೆನ್ನೆ ಹಿಡಿದು ಕೂತವಳು ಒಂಬತ್ತನೇ ಇಯತ್ತೆಯ ಮಗಳು ಅಂತ ಇಟ್ಟುಕೊಳ್ಳೋಣ. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾಳೆ. ಐದನೆಯ ದಿನ ಬೇನೆ ತಾನಾಗಿಯೇ ನಿಂತುಬಿಡುತ್ತದೆ. "ನಿಂತೈತಲ್ಲ, ಇನ್ಯಾಕ ದವಾಖಾನಿ?" ಅನ್ನುತ್ತಾನೆ ಅಪ್ಪ. ಮಗಳ ಬಳಿ ಅದಕ್ಕೆ ಉತ್ತರ ಇರುವುದಿಲ್ಲ. ಆ ಉತ್ತರ ಅವಳ ಕೈಗೆ ಸಿಗಲಿ ಅಂತಲೇ ನಾನು ಇವತ್ತು ಮಾತಾಡಲು ಬಂದಿದ್ದೇನೆ.

ಹಲ್ಲಿನ ಹೊರಗಿನ ಬಿಳಿ ಹೊದಿಕೆಗೆ ಎನಾಮೆಲ್ ಅನ್ನುತ್ತಾರೆ. ನಮ್ಮ ಇಡೀ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇಲ್ಲ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಹಾಗಾಗಿ ತೂತು ಬೀಳುವಾಗ ನೋವೂ ಇಲ್ಲ, ಬಿದ್ದ ತೂತು ಮತ್ತೆ ತುಂಬಿಕೊಳ್ಳುವುದೂ ಇಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಹುಳಿ ಮಾಡುತ್ತವೆ, ಆ ಹುಳಿ ಎನಾಮೆಲ್ಲನ್ನು ಕರಗಿಸುತ್ತದೆ. ಅದರ ಕೆಳಗಿನ ಪದರಕ್ಕೆ ತೂತು ಇಳಿದಾಗ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಒಂದು ಸಲ ಹೋಗಿ ಸಿಮೆಂಟು ತುಂಬಿಸಿಕೊಂಡು ಬಂದರೆ ಅಷ್ಟಕ್ಕೇ ಮುಗಿಯುವ ಹೊತ್ತು ಅದು. ಬಿಟ್ಟರೆ ತೂತು ನಡುವಿನ ಮೆತ್ತನೆಯ ತಿರುಳಿಗೆ ಮುಟ್ಟುತ್ತದೆ. ಆಗ ಬರುವುದು ರಾತ್ರಿ ಮಲಗಿದಾಗ ಹೆಚ್ಚಾಗುವ, ಕಿವಿಯವರೆಗೂ ಸೆಳೆಯುವ ಬೇನೆ. ಮರಾಠಿಯವರು ಅದಕ್ಕೆ ಠಣಕಾ ಅನ್ನುತ್ತಾರೆ, ಹೆಸರಲ್ಲೇ ಪೆಟ್ಟಿದೆ.

ಇನ್ನು ಐದನೆಯ ದಿನದ ಮಾತು. ತಿರುಳಿನೊಳಗೆ ಬಾವು ಬಂದಾಗ ಅದಕ್ಕೆ ಉಬ್ಬಲು ಜಾಗವಿಲ್ಲ, ಸುತ್ತಲೂ ಗಟ್ಟಿ ಗೋಡೆ. ಒತ್ತಡ ಏರಿ ಏರಿ ಕೊನೆಗೆ ಒಳಗಿನ ನರ ಸಾಯುತ್ತದೆ. ನರ ಸತ್ತರೆ ನೋವು ಹೇಳುವವರು ಯಾರು? ಬೇನೆ ನಿಲ್ಲುತ್ತದೆ. ಸೋಂಕು ಮಾತ್ರ ಬೇರಿನ ತುದಿ ದಾಟಿ ದವಡೆಯ ಎಲುಬಿಗೆ ಇಳಿಯುತ್ತಾ ಇರುತ್ತದೆ. ತಿಂಗಳುಗಳ ಮೇಲೆ ವಸಡಿನಲ್ಲಿ ಒಂದು ಕೀವಿನ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಅವ್ವ ಉಷ್ಣ ಅನ್ನುತ್ತಾಳೆ. ಹಾಗಾಗಿ ತಂಗಿ, ಅಪ್ಪ "ನಿಂತೈತಲ್ಲ" ಅಂದಾಗ ನೀನು ಹೇಳಬೇಕಾದದ್ದು ಇಷ್ಟು: "ಬ್ಯಾನಿ ನಿಂತೈತಿ, ರೋಗ ನಿಂತಿಲ್ಲಪ್ಪಾ, ಒಳಗಿನ ನರ ಸತ್ತಿರಬೇಕು."

ಹಲ್ಲಿಗೆ ಹುಳ ಹತ್ತಿದೆ ಅಂತ ನಾವು ಕನ್ನಡದಲ್ಲಿ ಹೇಳುತ್ತೇವೆ, ಮರಾಠಿಯಲ್ಲೂ ಕೀಡ ಅಂತಲೇ ಹೇಳುತ್ತಾರೆ. ಹೊಗೆ ಹಾಕಿ ಹುಳ ತೆಗೆಯುವವರನ್ನು ಹಿರಿಯರು ನೋಡಿರುತ್ತೀರಿ. ಗುಳ್ಳದ ಜಾತಿಯ ಬೀಜವನ್ನು ಕೆಂಡದ ಮೇಲೆ ಉದುರಿಸಿ ಬಾಯಿಗೆ ಹೊಗೆ ಕೊಡುತ್ತಾರೆ, ನೀರಿನ ಬಟ್ಟಲಲ್ಲಿ ಬಿಳಿಯ ಸಣ್ಣ ಎಳೆಗಳನ್ನು ತೋರಿಸುತ್ತಾರೆ. ಬಿಸಿಗೆ ಬೀಜ ಸಿಡಿದಾಗ ಹೊರಬಿದ್ದ ಮೊಳಕೆಯ ಕುಡಿ ಅದು. ಇದು ನಮ್ಮ ಕಡೆಯ ನಂಬಿಕೆ ಮಾತ್ರವೂ ಅಲ್ಲ. ಯುರೋಪಿನಲ್ಲಿಯೂ ಹಲ್ಲಿನ ಹುಳವನ್ನು ಶತಮಾನಗಟ್ಟಲೆ ನಂಬಿದ್ದರು. ಫ್ರಾನ್ಸಿನ ಪಿಯೆರ್ ಫೋಷಾರ್ 1728ರ ತನ್ನ ದೊಡ್ಡ ಗ್ರಂಥದಲ್ಲಿ ಆ ನಂಬಿಕೆಯನ್ನು ತಳ್ಳಿಹಾಕಿದ. ಸೂಕ್ಷ್ಮಜೀವಿ ಮಾಡುವ ಹುಳಿಯೇ ಹಲ್ಲನ್ನು ಕರಗಿಸುತ್ತದೆ ಎಂದು ವಿಲ್ಲೋಬಿ ಮಿಲ್ಲರ್ 1890ರಲ್ಲಿ ವಿವರಿಸಿದ. ಆದ್ದರಿಂದ ಅಜ್ಜಿ ಹುಳ ಅಂದರೆ ನಗಬೇಡ. ಅಷ್ಟು ಸಣ್ಣ ಹುಳ ಕಣ್ಣಿಗೆ ಕಾಣುವುದಿಲ್ಲ, ಹೊಗೆಗೂ ಬಗ್ಗುವುದಿಲ್ಲ ಅಂತ ತಾಳ್ಮೆಯಿಂದ ಹೇಳು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವ ಹೆದರಿಕೆ ಇನ್ನೂ ದೊಡ್ಡದು. ಹಲ್ಲಿನ ನೋವನ್ನು ಹೊತ್ತೊಯ್ಯುವ ನರ ಬೇರೆ, ಕಣ್ಣಿನ ನೋಟವನ್ನು ಒಯ್ಯುವ ನರ ಬೇರೆ. ಎರಡೂ ಮಿದುಳಿಗೆ ಹೋಗುವ ದಾರಿಯೇ ಬೇರೆ.

ಆದರೆ ತಂದೆತಾಯಿ ಒಪ್ಪದೇ ಇರುವುದಕ್ಕೆ ನಂಬಿಕೆಯೊಂದೇ ಕಾರಣವಲ್ಲ. ಇಚಲಕರಂಜಿಯ ಮಗ್ಗದವನಿಗೆ ನೇಯ್ದ ಮೀಟರಿನ ಲೆಕ್ಕದಲ್ಲಿ ಕೂಲಿ. ಒಂದು ಪಾಳಿ ತಪ್ಪಿದರೆ ಆ ದಿನದ ದುಡ್ಡೇ ಇಲ್ಲ. ಗಡಹಿಂಗ್ಲಜದ ರೈತನಿಗೆ ಎಲ್ಲ ಖರ್ಚೂ ಕಬ್ಬಿನ ಬಿಲ್ಲಿನ ಮೇಲೆ ನಿಂತಿರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಕಾಯುವುದು ಮಾತ್ರ ರೈತನಿಗೆ ತಪ್ಪಿಲ್ಲ. "ಬಿಲ್ ಬರ್ಲಿ, ನೋಡೂಣು" ಅನ್ನುವ ಅಪ್ಪ ಕಲ್ಲುಮನಸ್ಸಿನವನಲ್ಲ. ಅವನಿಗೆ ಗೊತ್ತಿಲ್ಲದ್ದು ಒಂದೇ: ಕಾದಷ್ಟೂ ಖರ್ಚು ಏರುತ್ತದೆ. ತೂತು ಸಣ್ಣದಿದ್ದಾಗ ತುಂಬಿಸುವುದು ಎಲ್ಲಕ್ಕಿಂತ ಅಗ್ಗ. ತಿರುಳು ಸತ್ತ ಮೇಲೆ ರೂಟ್ ಕೆನಾಲ್, ಅದರ ಮೇಲೊಂದು ಟೋಪಿ, ಎರಡು ಮೂರು ಸಲ ಓಡಾಟ. ಕಿತ್ತುಬಿಟ್ಟರೆ ಸೋವಿ ಅನಿಸುತ್ತದೆ, ಆದರೆ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ.

ಹದಿಹರೆಯದವರ ಬಾಯಲ್ಲಿ ಹಾಳಾದ ಹಲ್ಲು ಬಹಳ ಸಲ ಆರನೆಯ ವರ್ಷಕ್ಕೆ ಬಂದ ದವಡೆ ಹಲ್ಲೇ ಆಗಿರುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಹಿಂದುಗಡೆ ಸದ್ದಿಲ್ಲದೆ ಮೂಡುವುದರಿಂದ ಅದನ್ನು ಹಾಲುಹಲ್ಲು ಅಂತಲೇ ಮನೆಯವರು ತಿಳಿದಿರುತ್ತಾರೆ. ಬಿದ್ದು ಮತ್ತೆ ಬರುತ್ತದೆ ಅಂತ ಕಾಯುತ್ತಾರೆ. ಅದು ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಕೇಳುವುದು ಹೇಗೆ? ಅಳುತ್ತಾ ಕೇಳಿದರೆ ಲವಂಗ ಸಿಗುತ್ತದೆ. ಬೇನೆ ಇಲ್ಲದ ದಿನ, ಅಪ್ಪ ಊಟ ಮುಗಿಸಿ ಕೂತ ಹೊತ್ತಿಗೆ ಕೇಳು. ಮೊಬೈಲಿನ ಬೆಳಕು ಹಾಕಿ ಆ ತೂತಿನ ಫೋಟೋ ತೆಗೆದು ತೋರಿಸು. ನಮ್ಮ ಹಿರಿಯರು ಮಕ್ಕಳ ಬಾಯೊಳಗೆ ನೋಡಿಯೇ ಇರುವುದಿಲ್ಲ. ಯಾವ ದಿನ ನೋವು ಬಂತು, ಎಷ್ಟು ದಿನ ಶಾಲೆ ತಪ್ಪಿತು ಅಂತ ನೋಟುಬುಕ್ಕಿನ ಹಿಂದಾದರೂ ಬರೆದಿಡು. ಚಿಕಿತ್ಸೆಯ ಮಾತು ಎತ್ತಬೇಡ, "ಒಮ್ಮೆ ತೋರಿಸ್ಕೊಂಡ್ ಬರೂಣು" ಅನ್ನು. ಅಜ್ಜಿಯ ಮಾತು ನಡೆಯುವ ಮನೆಯಾದರೆ ಮೊದಲು ಅಜ್ಜಿಯ ಹತ್ತಿರ ಹೋಗು. 18 ತುಂಬದವರ ಚಿಕಿತ್ಸೆಗೆ ದವಾಖಾನೆಯವರು ಸಾಮಾನ್ಯವಾಗಿ ಪಾಲಕರ ಸಹಿ ಕೇಳುತ್ತಾರೆ, ಆದ್ದರಿಂದ ಅವರನ್ನು ಬಿಟ್ಟು ಹೋಗುವ ದಾರಿ ಹುಡುಕಬೇಡ.

ಇನ್ನೊಂದು ಬಲ ಶಾಲೆಯಲ್ಲಿದೆ. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲಘರದಲ್ಲೇ ಶುರುವಾಯಿತು. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬರಬೇಕು. ಅವರು ನೋಡಬೇಕಾದ ಕಾಯಿಲೆಗಳಲ್ಲಿ ಹಲ್ಲೂ ಸೇರಿದೆ. ಅವರು ಬಂದ ದಿನ ನಾಚಬೇಡ, ಬಾಯಿ ತೆರೆದು ತೋರಿಸು, ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿ ಮನೆಗೆ ಒಯ್ಯಿ. ಮಗಳ ಮಾತಿಗಿಂತ ದಾಕ್ತರರ ಚೀಟಿ ಅಪ್ಪನ ಮುಂದೆ ಭಾರವಾಗಿ ಕೂರುತ್ತದೆ.

ಹೋಗುವುದೆಲ್ಲಿಗೆ? ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಕೊಲ್ಹಾಪುರದಲ್ಲಿ ಎಲ್ಲರಿಗೂ ಗೊತ್ತಿರುವ ಸಿಪಿಆರ್ ಆಸ್ಪತ್ರೆ ಇವೆ. ಅಲ್ಲಿ ವಿಚಾರಿಸಿದರೆ ಮುಂದಿನ ದಾರಿ ಹೇಳುತ್ತಾರೆ. ನವೇ ಪಾರಗಾಂವ್, ಸಾಂಗಲಿ, ಬೆಳಗಾವಿಗಳಲ್ಲಿ ದಂತ ಮಹಾವಿದ್ಯಾಲಯಗಳಿವೆ. ಇಂಥ ಕಡೆ ಕಲಿಯುವವರು ಗುರುಗಳ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಒಂದು ಎಚ್ಚರಿಕೆ: ಕೆನ್ನೆ ಅಥವಾ ಗದ್ದದ ಕೆಳಗೆ ಬಾವು ಬಂದು ಜ್ವರ ಏರಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬಿಲ್ಲು, ಪಾಳಿ ಯಾವುದನ್ನೂ ನೋಡದೆ ಅದೇ ತಾಸಿನಲ್ಲಿ ದವಾಖಾನೆಗೆ ಹೊರಡಬೇಕು.

ದವಾಖಾನೆಯಲ್ಲಿ ದಾಕ್ತರರು ಬಹಳ ಸಲ ಮರಾಠಿಯಲ್ಲಿ ಕೇಳುತ್ತಾರೆ. ಅವ್ವನಿಗೆ ಕನ್ನಡದಲ್ಲಿ ತಿಳಿಸಬೇಕಾದವಳು ನೀನೇ. ಎರಡೂ ಭಾಷೆಯ ನಡುವೆ ಬೆಳೆದ ನಮ್ಮ ಗಡಿಯ ಮಕ್ಕಳಿಗೆ ಈ ಕೆಲಸ ಚಿಕ್ಕಂದಿನಿಂದ ರೂಢಿಯಾಗಿದೆ, ಅದನ್ನು ನೋಡಿದಾಗೆಲ್ಲ ನನಗೆ ಅಭಿಮಾನವಾಗುತ್ತದೆ. ನಿನ್ನ ಸರದಿ ಮುಗಿದ ಮೇಲೆ ಇನ್ನೊಂದು ಮಾತು ಕೇಳು. ಅವ್ವ ಹಲ್ಲುಬೇನೆಗೆಂದು ಎಂದೋ ಹಿಡಿದ ಮಶೇರಿಯನ್ನು, ಆ ಸುಟ್ಟ ತಂಬಾಕಿನ ಪುಡಿಯನ್ನು, ಇವತ್ತಿಗೂ ತಿಕ್ಕುತ್ತಿರಬಹುದು. ತಂಬಾಕು ಆ ಗಳಿಗೆಗೆ ಜೋಮು ಹಿಡಿಸುತ್ತದೆ, ಚಟವಾಗಿ ಉಳಿಯುತ್ತದೆ. "ಅವ್ವನ ಬಾಯೂ ಒಮ್ಮೆ ನೋಡ್ರಿ" ಅನ್ನು. ಮಶೇರಿ ಇಡುವ ಜಾಗದಲ್ಲಿ ಬಿಳಿಯ ಮಚ್ಚೆ ಇದೆಯೇ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ ಎಂದು ಅವರು ನೋಡಿ ಹೇಳಲಿ.