ಬಾಳಿನ ತಿರುವುಗಳಲ್ಲಿ ಮನಸ್ಸಿನ ಕಳವಳ
(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)

ಕುಟುಂಬ ಕಲ್ಯಾಣವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮಕ್ಕಳ ನಡುವಣ ಅಂತರ, ಶಸ್ತ್ರಚಿಕಿತ್ಸೆ, ಗರ್ಭಿಣಿಯರ ಆರೈಕೆ, ಶಿಶುಗಳಿಗೆ ಹಾಕಿಸಬೇಕಾದ ಲಸಿಕೆ. ಇವೆಲ್ಲವೂ ಅವಶ್ಯಕವೇ. ಆದರೆ ದೇಹದ ಆರೋಗ್ಯವೊಂದರಿಂದಲೇ ಕುಟುಂಬದ ಕಲ್ಯಾಣವು ಪೂರ್ಣವಾಗದು. ಮನೆಯಲ್ಲಿ ಎಲ್ಲರೂ ಉಂಡುಟ್ಟು ಚೆನ್ನಾಗಿದ್ದರೂ ಒಬ್ಬರ ಮನಸ್ಸಿನಲ್ಲಿ ಹಗಲಿರುಳು ಕಳವಳವು ಕುದಿಯುತ್ತಿದ್ದರೆ ಆ ಮನೆಗೆ ನೆಮ್ಮದಿಯಿಲ್ಲ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಈ ದಿನ ಆ ಕಳವಳದ ವಿಚಾರವಾಗಿ, ಅದಕ್ಕೆ ದೊರೆಯುವ ಚಿಕಿತ್ಸೆಯ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ.

ಬಾಳು ನೇರವಾದ ದಾರಿಯಲ್ಲ, ಅದರಲ್ಲಿ ತಿರುವುಗಳುಂಟು. ಹುಟ್ಟಿ ಬೆಳೆದ ಮನೆಯನ್ನು ಬಿಟ್ಟು ಹೆಣ್ಣುಮಗಳು ಗಂಡನ ಮನೆಗೆ ಬರುತ್ತಾಳೆ. ಮೊದಲ ಮಗುವಿನ ತಾಯಿಯಾಗುತ್ತಾಳೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ನಿನ್ನೆಯವರೆಗೆ ಅಣ್ಣನ ನೆರಳಿನಲ್ಲಿದ್ದವನು ಇಂದು ತಾನೇ ಯಜಮಾನನಾಗಿ ಬೀಜ, ಗೊಬ್ಬರ, ಸಾಲಗಳ ಹೊಣೆ ಹೊರಬೇಕಾಗುತ್ತದೆ. ಮಳೆ ಕೈಕೊಟ್ಟಾಗ ಮನೆಯೊಡೆಯನು ಕೂಲಿಯನ್ನರಸಿ ಬೆಂಗಳೂರಿಗೆ ಹೋಗುತ್ತಾನೆ. ಮಗಳ ಮದುವೆಯಾಗಿ ಮನೆ ಬರಿದಾಗುತ್ತದೆ. ಇವುಗಳಲ್ಲಿ ಕೆಲವು ದುಃಖದ ಸಂಗತಿಗಳಾದರೆ ಕೆಲವು ಸಂತೋಷದವು. ಆದರೂ ಎಲ್ಲವುಗಳಲ್ಲಿ ಒಂದು ಸಾಮ್ಯವಿದೆ: ಹಳೆಯ ರೂಢಿ ತಪ್ಪಿಹೋಗುತ್ತದೆ, ಹೊಸತು ಇನ್ನೂ ಕೈಗೂಡಿರುವುದಿಲ್ಲ. ಈ ನಡುಗಾಲದಲ್ಲಿಯೇ ಕಳವಳವು ತಲೆಯೆತ್ತುತ್ತದೆ.

ಕಳವಳವೆಲ್ಲವೂ ರೋಗವಲ್ಲ. ಬಿತ್ತಿದ ರೈತನು ಮುಗಿಲನ್ನು ನೋಡಿ ಚಿಂತಿಸುವುದು ಸಹಜ. ಅಪಾಯ ಬಂದಾಗ ಓಡಲು ಇಲ್ಲವೇ ಎದುರಿಸಲು ಶರೀರವು ತಾನಾಗಿಯೇ ಸಿದ್ಧವಾಗುತ್ತದೆ. ಎದೆಬಡಿತ ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಹಾವನ್ನು ಕಂಡಾಗ ಈ ಸಿದ್ಧತೆಯೇ ನಮ್ಮನ್ನು ಕಾಯುತ್ತದೆ. ಆದರೆ ಹಾವಿಲ್ಲದಾಗಲೂ ಹಗಲಿರುಳು ಅದೇ ಸ್ಥಿತಿಯಲ್ಲಿದ್ದರೆ ದೇಹವೂ ಮನಸ್ಸೂ ಬಳಲುತ್ತವೆ. ನಿದ್ರೆ ಬಾರದು, ಊಟ ಸೇರದು, ಎದೆ ಡವಡವ ಎನ್ನುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಇಂತಹ ಸ್ಥಿತಿಯು ಎರಡು ವಾರಗಳನ್ನು ಮೀರಿ ಮುಂದುವರಿದು, ಮನೆಗೆಲಸ, ಹೊಲಗೆಲಸ, ಮಕ್ಕಳ ಪಾಲನೆಗಳಿಗೆ ಅಡ್ಡಿಯಾದರೆ ಅದನ್ನು ಬರಿಯ ಚಿಂತೆಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಬಾಣಂತನ ಮುಗಿಸಿಕೊಂಡು ಹೆಂಡತಿಯು ಕೂಸಿನೊಡನೆ ತವರಿನಿಂದ ಹಿಂದಿರುಗಿದ್ದಾಳೆ. ಕೂಸು ನಿದ್ರಿಸಿದರೂ ಅವಳಿಗೆ ನಿದ್ರೆಯಿಲ್ಲ. ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಯಲ್ಲಿ ಹತ್ತು ಬಾರಿ ಎದ್ದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಾಳೆ. ಹಾಲು ಸಾಲದೆಂದು ಅಳುತ್ತಾಳೆ. "ನಾವು ಐದು ಹೆತ್ತಿದ್ದೇವೆ, ನಮಗೇನೂ ಆಗಲಿಲ್ಲ" ಎಂದು ಅತ್ತೆಯವರು ಹೇಳುತ್ತಾರೆ. ಅವರ ಮಾತಿನಲ್ಲಿ ಕೇಡಿಲ್ಲ. ಆದರೆ ಅದನ್ನು ಕೇಳಿದವಳು ಅಂದಿನಿಂದ ಬಾಯಿ ಬಿಡುವುದಿಲ್ಲ. ಗಂಡನೋ ಕೊಳವೆಬಾವಿಗೆ ಸಾಲ ಮಾಡಿ, ನೀರು ಬಾರದೆ, ಅದನ್ನು ಮನೆಯಲ್ಲಿ ಹೇಳಲಾರದೆ ಸಂಜೆ ತಡವಾಗಿ ಬರುತ್ತಾನೆ. ಒಂದೇ ಸೂರಿನಡಿ ಇಬ್ಬರು ಎಚ್ಚರವಾಗಿ ಮಲಗಿದ್ದಾರೆ. ಒಬ್ಬರ ಕಷ್ಟ ಒಬ್ಬರಿಗೆ ತಿಳಿಯದು. ಇಂತಹ ಮನೆ ನಮ್ಮ ಯಾವ ಊರಿನಲ್ಲಿಲ್ಲ?

ಬಾಣಂತಿಯರ ಈ ವ್ಯಥೆ ಅಪರೂಪವಾದುದಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರ ಪ್ರಕಾರ, ಹೆರಿಗೆಯ ನಂತರ ನೂರಕ್ಕೆ ಸುಮಾರು 22 ತಾಯಂದಿರಲ್ಲಿ ಖಿನ್ನತೆ ಕಂಡುಬಂದಿದೆ. ಖಿನ್ನತೆಯೊಡನೆ ಕಳವಳವೂ ಅನೇಕ ವೇಳೆ ಸೇರಿರುತ್ತದೆ. ಹೆರಿಗೆಯಾದ ಮೊದಲ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರಗಳೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಪರೀಕ್ಷೆ ಅಗತ್ಯ. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ಏರುಪೇರಿನಿಂದಲೂ ಎದೆಬಡಿತ, ಆಯಾಸ, ಕಳವಳಗಳು ಉಂಟಾಗಬಹುದು. ಆದಕಾರಣ ಮೊದಲು ರಕ್ತಪರೀಕ್ಷೆ ಮಾಡಿಸುವುದು ಜಾಣತನ.

ಈ ವಿಷಯದಲ್ಲಿ ನಮ್ಮ ಜನರಲ್ಲಿ ಕೆಲವು ತಪ್ಪು ಕಲ್ಪನೆಗಳಿವೆ. "ಮನಸ್ಸಿನ ಡಾಕ್ಟರ ಬಳಿಗೆ ಹೋಗುವವರು ಹುಚ್ಚರು" ಎಂಬುದು ಮೊದಲನೆಯದು. ಕಾಲು ಉಳುಕಿದವನು ಆಸ್ಪತ್ರೆಗೆ ಹೋದರೆ ಅವನನ್ನು ಯಾರೂ ಕುಂಟನೆಂದು ಕರೆಯುವುದಿಲ್ಲ. ಮನಸ್ಸು ಉಳುಕಿದವರಿಗೂ ಅದೇ ನ್ಯಾಯ ಸಲ್ಲಬೇಕು. "ಗಾಳಿ ಸೋಕಿದೆ, ದೃಷ್ಟಿ ತಾಕಿದೆ" ಎಂಬುದು ಎರಡನೆಯದು. ದೇವರಿಗೆ ಹರಕೆ ಹೊರಬೇಡಿರೆಂದು ನಾನು ಹೇಳುವುದಿಲ್ಲ. ಆದರೆ ಹರಕೆಯ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡಹುವುದು ಮುಂತಾದವುಗಳಿಗೆ ಎಂದಿಗೂ ಎಡೆಗೊಡಬಾರದು. "ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಗಂಡಸಿನ ಶಕ್ತಿ ಕುಂದುತ್ತದೆ" ಎಂಬುದು ಮೂರನೆಯದು. ಇದು ನಿಜವಲ್ಲ. ವೀರ್ಯನಾಳವನ್ನು ಮಾತ್ರ ಕತ್ತರಿಸಿ ಕಟ್ಟುವುದರಿಂದ ದುಡಿಮೆಯ ಶಕ್ತಿಗಾಗಲಿ ದಾಂಪತ್ಯಸುಖಕ್ಕಾಗಲಿ ಕೊರತೆಯಾಗದು. ಈ ಹೆದರಿಕೆಯನ್ನು ಒಳಗೇ ಇಟ್ಟುಕೊಂಡು ಕೊರಗುವುದಕ್ಕಿಂತ ಆರೋಗ್ಯ ಕಾರ್ಯಕರ್ತರನ್ನು ಕೇಳಿ ಸಂದೇಹವನ್ನು ಪರಿಹರಿಸಿಕೊಳ್ಳುವುದು ಮೇಲು.

ಹಾಗಾದರೆ ಮನಸ್ಸಿನ ಚಿಕಿತ್ಸೆಯೆಂದರೇನು? ಸೂಜಿಯಿಲ್ಲದೆ ಮಾತಿನಿಂದಲೇ ನಡೆಯುವ ಚಿಕಿತ್ಸೆಯೊಂದಿದೆ. ಅದಕ್ಕೆ ಆಪ್ತಸಮಾಲೋಚನೆ ಎಂದೂ ಮನೋಚಿಕಿತ್ಸೆ ಎಂದೂ ಹೆಸರು. ತರಬೇತಿ ಪಡೆದ ಮನಃಶಾಸ್ತ್ರಜ್ಞರು ನಿಮ್ಮೊಡನೆ ಕುಳಿತು, ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ಬಾರಿ, ಮುಕ್ಕಾಲು ಗಂಟೆಯಷ್ಟು ಕಾಲ ಮಾತನಾಡುತ್ತಾರೆ. ಅವರು ಬುದ್ಧಿ ಹೇಳಲು ಬಂದವರಲ್ಲ, ಮೊದಲು ಕೇಳುತ್ತಾರೆ. ಬಳಿಕ, ಯಾವ ಯೋಚನೆ ಬಂದಾಗ ಎದೆ ಹೊಡೆದುಕೊಳ್ಳುತ್ತದೆಂಬುದನ್ನು ನೀವೇ ಗುರುತಿಸುವಂತೆ ಮಾಡುತ್ತಾರೆ. "ಮಗು ಸತ್ತೇಹೋಗುತ್ತದೆ" ಎಂಬ ಯೋಚನೆಗೆ ಆಧಾರವೇನು, ಮಗುವಿನ ತೂಕ ಏರುತ್ತಿದೆಯೇ, ದಾದಿಯವರು ಏನೆಂದರು ಎಂದು ಒಂದೊಂದನ್ನೇ ತೂಗಿ ನೋಡಿಸುತ್ತಾರೆ. ಹತ್ತು ಬಾರಿ ಏಳುವವಳು ಮೊದಲ ವಾರ ಎಂಟು ಬಾರಿ, ಆಮೇಲೆ ಐದು ಬಾರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಲಿಸುತ್ತಾರೆ. ಸಾಲವಿದ್ದವನಿಗೆ ಸಾಲ ತೀರಿಸಿಕೊಡಲಾರರು. ಆದರೆ ಯಾವುದನ್ನು ಮೊದಲು ತೀರಿಸಬೇಕು, ಯಾರೊಡನೆ ಮಾತನಾಡಬೇಕು, ಮನೆಯಲ್ಲಿ ಹೇಗೆ ತಿಳಿಸಬೇಕು ಎಂಬುದನ್ನು ಬಿಡಿಬಿಡಿಯಾಗಿ ಆಲೋಚಿಸಲು ನೆರವಾಗುತ್ತಾರೆ. ಗಂಟು ಒಂದೇ ಸಲ ಬಿಚ್ಚದಿದ್ದರೂ ಎಳೆ ಎಳೆಯಾಗಿ ಬಿಚ್ಚುತ್ತದೆ.

ಅವರು ಕಲಿಸುವ ಒಂದು ಅಭ್ಯಾಸವನ್ನು ಇಲ್ಲಿಯೇ ತಿಳಿಸುತ್ತೇನೆ. ಬೆನ್ನು ನೆಟ್ಟಗೆ ಮಾಡಿ ಕುಳಿತು, ಹೊಟ್ಟೆಯ ಮೇಲೆ ಕೈಯಿಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರನ್ನು ಒಳಗೆ ಎಳೆಯಿರಿ; ಕೈ ಮೇಲೇಳಬೇಕು. ಆರು ಎಣಿಸುತ್ತ ನಿಧಾನವಾಗಿ ಹೊರಬಿಡಿ. ದಿನಕ್ಕೆರಡು ಬಾರಿ ಐದೈದು ನಿಮಿಷ ಹೀಗೆ ಮಾಡಿದರೆ, ಕಳವಳದ ಗಳಿಗೆಯಲ್ಲಿ ಈ ಅಭ್ಯಾಸವು ನೆರವಿಗೆ ಬರುತ್ತದೆ.

ಕೆಲವರಿಗೆ ಔಷಧವೂ ಬೇಕಾಗುತ್ತದೆ. ಇದಕ್ಕಾಗಿ ವೈದ್ಯರು ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ನಾಲ್ಕು ದಿನದಲ್ಲಿ ಗುಣವಾಗಲಿಲ್ಲವೆಂದು ಬಿಡಬಾರದು. ಗುಣವಾಯಿತೆಂದು ತಾವಾಗಿಯೂ ನಿಲ್ಲಿಸಬಾರದು. ಹಾಲೂಡಿಸುವ ತಾಯಂದಿರು ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ; ಹಾಲೂಡಿಸುತ್ತಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆದರೆ ನಿದ್ರೆಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವುದು ಅಪಾಯಕರ. ಅವುಗಳಲ್ಲಿ ಕೆಲವು ಚಟವಾಗಿ ಹಿಡಿಯುತ್ತವೆ. ಮದ್ಯದ ಮಾತಂತೂ ಬೇಡವೇ ಬೇಡ. ಅದು ರಾತ್ರಿಯ ಕಳವಳವನ್ನು ಮರುದಿನದ ಬೆಳಗಿಗೆ ಬಡ್ಡಿಸಮೇತ ಹಿಂದಿರುಗಿಸುತ್ತದೆ.

ಇಷ್ಟೆಲ್ಲಾ ಸೌಲಭ್ಯ ಪಟ್ಟಣದವರಿಗಲ್ಲದೆ ನಮಗೆಲ್ಲಿ ದೊರೆತೀತು ಎಂದು ನೀವು ಕೇಳಬಹುದು. ಹಳ್ಳಿಯ ಬಾಗಿಲಿಗೆ ಮನಸ್ಸಿನ ಚಿಕಿತ್ಸೆಯನ್ನು ತರುವ ಕಾರ್ಯದಲ್ಲಿ ನಮ್ಮ ನಾಡು ಮುಂದಾಳಾದುದೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತರೆ ಮನೋರೋಗಗಳಿಗೆ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಪ್ರಾರಂಭವಾಯಿತು.

ನೀವು ಮಾಡಬೇಕಾದುದು ಇಷ್ಟೇ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಅವಶ್ಯವಿದ್ದರೆ ಅವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಮನೋವೈದ್ಯರು ಬರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿರಿ; ಕೂಲಿಯ ದಿನವೊಂದು ವ್ಯರ್ಥವಾಗದು. ಹೋಗಲು ಸಂಕೋಚವಾದರೆ ದೂರವಾಣಿಯುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ನೀವು ಹೇಳಿದ ವಿಷಯವು ಊರಿಗೆಲ್ಲ ಹಬ್ಬುವುದೆಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆಯ ಗುಟ್ಟನ್ನು ಕಾಪಾಡಿಸಿಕೊಳ್ಳುವ ಹಕ್ಕನ್ನು ನಿಮಗೆ ಕೊಟ್ಟಿದೆ.

ಇನ್ನು ದಂಪತಿಗಳ ಕರ್ತವ್ಯ. ಗಂಡನಾದವನು ದಿನಕ್ಕೆ ಹತ್ತು ನಿಮಿಷವಾದರೂ ಹೆಂಡತಿಯ ಬಳಿ ಕುಳಿತು, "ನಿನಗೆ ಏನನ್ನಿಸುತ್ತಿದೆ ಹೇಳು, ನಾನು ಕೇಳುತ್ತೇನೆ" ಎನ್ನಬೇಕು. ಕೇಳುವಾಗ ನಡುವೆ ಬಾಯಿ ಹಾಕಬಾರದು. ರಾತ್ರಿ ಒಂದು ಹೊತ್ತು ಕೂಸನ್ನು ತಾನು ನೋಡಿಕೊಂಡು ಅವಳಿಗೆ ನಾಲ್ಕು ಗಂಟೆಯ ನಿದ್ರೆಯನ್ನು ದೊರಕಿಸಬೇಕು. ಹೆಂಡತಿಯೂ ಗಂಡನ ಮೌನವನ್ನು ಕೋಪವೆಂದೇ ತಿಳಿಯದೆ, "ಏನ್ರೀ, ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದೀರಿ?" ಎಂದು ವಿಚಾರಿಸಬೇಕು. ಗಂಡಸು ಅಳಬಾರದೆಂಬ ಕಟ್ಟುಪಾಡು ಎಷ್ಟೋ ಮನೆಗಳ ದೀಪವನ್ನು ನಂದಿಸಿದೆ. ಆಸ್ಪತ್ರೆಗೆ ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗಿರಿ.

ಕೆಲವು ಲಕ್ಷಣಗಳು ಕಂಡರೆ ಒಂದು ದಿನವೂ ತಡಮಾಡಲಾಗದು. ಬಾಣಂತಿಯು ನಿದ್ರೆಯೇ ಇಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದ ದನಿಗಳು ಕೇಳುತ್ತವೆಂದರೆ, ಮಗುವಿಗೆ ಅಥವಾ ತನಗೆ ಕೇಡು ಮಾಡಿಕೊಳ್ಳುವ ಮಾತಾಡಿದರೆ, ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರೇ ಆಗಲಿ "ಬದುಕಿ ಏನು ಪ್ರಯೋಜನ" ಎಂದರೆ ಆ ಮಾತನ್ನು ಹಗುರವಾಗಿ ಎಣಿಸದಿರಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಟ್ಟು ಬೀಗದ ಕೈಯನ್ನು ಬೇರೆಯವರ ವಶಕ್ಕೆ ಕೊಡಿ. ಅವರ ಬಳಿ ಒಬ್ಬರು ಸದಾ ಇರುವಂತೆ ನೋಡಿಕೊಳ್ಳಿ.

ಸೋದರ ಸೋದರಿಯರೇ, ಹೊಲದ ಬದು ಒಡೆದಾಗ ನೆರೆಯವರನ್ನು ಕೂಗಿ ಕರೆಯಲು ನಾವು ನಾಚುವುದಿಲ್ಲ. ಮನಸ್ಸಿನ ಬದು ಒಡೆದಾಗಲೂ ಕೂಗಿ ಕರೆಯುವುದು ಅವಮಾನವಲ್ಲ, ವಿವೇಕ. ಈ ರಾತ್ರಿ ಮನೆಗೆ ಹೋದ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಿ: "ನಿನಗೆ ನಿದ್ರೆ ಬರುತ್ತಿದೆಯೇ?" ಬರುತ್ತಿಲ್ಲವೆಂಬ ಉತ್ತರ ಬಂದರೆ ನಾಳೆಯೇ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.