ಹಳದಿ ರೋಗದ ಅಡಿಕೆ ಮರವೂ ಬಳೆ ಸ್ಟ್ಯಾಂಡೂ

(ರಜತ ಮಹೋತ್ಸವದ ಅಂಗವಾಗಿ ಸಂಘದ ಸ್ವಸಹಾಯ ಗುಂಪುಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದಲ್ಲಿ ಆಭರಣದ ಮಾತು ಬಂದರೆ ಈಡಿನ ಸಾಲ ನೆನಪಾಗುವುದು ಸಹಜ. ನಾನು ಹೇಳಲಿಕ್ಕೆ ಹೊರಟದ್ದು ಅದಲ್ಲ. ದಿನಾ ಹಾಕುವ ಬಳೆ, ಕರಿಮಣಿ, ಕಿವಿಯೋಲೆ ಇಡುವ ಸ್ಟ್ಯಾಂಡನ್ನು ರೋಗ ಬಂದು ಕಡಿದ ಅಡಿಕೆ ಮರದಿಂದ ಮಾಡಿ ನಾಲ್ಕು ಕಾಸು ನೋಡಬಹುದು ಎಂಬುದು ನನ್ನ ವಿಷಯ.

ಮರ್ಕಂಜ, ಸಂಪಾಜೆ, ಅರಂತೋಡಿನವರಿಗೆ ಹಳದಿ ಎಲೆ ರೋಗವನ್ನು ವಿವರಿಸಬೇಕಾಗಿಲ್ಲ. ಕೇರಳದಲ್ಲಿ 1914ರಲ್ಲೇ ಕಂಡ ರೋಗ. ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ. ಕಡಿದ ಮರ ಸ್ವಲ್ಪ ಚಪ್ಪರಕ್ಕೆ, ಉಳಿದದ್ದು ಬಚ್ಚಲ ಒಲೆಗೆ ಹೋಗುತ್ತದೆ. ಹಿಂದಿನವರು ಇದೇ ಮರ ಸೀಳಿ, ದಂಬೆ ಮಾಡಿ, ತೋಟಕ್ಕೆ ನೀರು ಹಾಯಿಸಿದವರು. ಒಣಗಿದ ಸಲಾಕೆಯಿಂದ ರೋಗ ಹರಡೀತು ಎಂಬ ಹೆದರಿಕೆ ಬೇಡ. ಆ ರೋಗಾಣು ಬದುಕುವುದು ಜೀವ ಇರುವ ಗಿಡದಲ್ಲಿ. ಮರದಿಂದ ಮರಕ್ಕೆ ಒಯ್ಯುವುದು ಜಿಗಿಹುಳ.

ಮರ ಆರಿಸುವಾಗ ಜಾಗ್ರತೆ ಬೇಕು. ಮಂಡೆ ಬಿದ್ದು ಎರಡು ಮಳೆಗಾಲ ನಿಂತ ಮರ ಕುಂಬಾಗಿರುತ್ತದೆ, ಅದು ಆಗದು. ಪ್ರಾಯದ ಮರದ ಬುಡದ ಕಡೆ ಒಳ್ಳೆಯದು. ಅಡಿಕೆ ಮರದ ಗಟ್ಟಿತನ ಎಲ್ಲಾ ಹೊರಸುತ್ತಿನಲ್ಲಿ, ನಡುವೆ ಬರೀ ಮೆದು. ಸೀಳಿದ ಮೇಲೆ ಆ ಮೆದುವನ್ನು ಪೂರಾ ಕೆತ್ತಿ ತೆಗೆದು ನೆರಳಿನಲ್ಲಿ ಒಣಗಿಸಿ. ನಂತರ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಇಲ್ಲಿ ಉದಾಸೀನ ಮಾಡಿದರೆ ಕೆಲಸ ಕೆಟ್ಟಿತು. ಅಡಿಕೆಯ ನಾರು ಸೂಜಿಯ ಹಾಗೆ. ಕೈಗೂ ಹೊಗ್ಗುತ್ತದೆ, ಸರದ ನೂಲನ್ನೂ ಎಳೆಯುತ್ತದೆ.

ಅಡಿಗೆ ಹಲಸಿನ ಹಲಗೆ, ಎಂಟು ಇಂಚು ಉದ್ದ, ಆರು ಇಂಚು ಅಗಲ. ಭಾರ ಸಾಲದಿದ್ದರೆ ಒಂದು ಬದಿಗೆ ಬಳೆ ಹಾಕಿದ ಕೂಡಲೇ ಮಗುಚುತ್ತದೆ. 24 ಇಂಚಿನ ಕರಿಮಣಿ ನೇತುಹಾಕಿದರೆ 12 ಇಂಚು ಕೆಳಗೆ ಬರುತ್ತದೆ, ಅದರ ಕೆಳಗೆ ತಾಳಿ ಉಂಟು. ಹಾಗಾಗಿ ಕಂಬ 15 ಇಂಚು ಇರಲಿ. ಅಂಗಡಿಯಲ್ಲಿ 2-4 ಬಳೆ ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಪಾಲು. ಒಟ್ಟು ಎರಡೂಕಾಲು ಇಂಚು ಒಳ ಅಗಲ. ಮಕ್ಕಳ ಬಳೆಯೂ ಹೊಗ್ಗಬೇಕಾದರೆ ಅಡ್ಡಕೋಲು ಒಂದು ಇಂಚಿಗಿಂತ ದಪ್ಪ ಬೇಡ. ಓಲೆಗೆ ತೆಳು ಪಟ್ಟಿಯಲ್ಲಿ ಸಣ್ಣ ತೂತುಗಳು, ಉಂಗುರಕ್ಕೆ ಅರ್ಧ ಗೆರಟೆ. ಕಬ್ಬಿಣದ ಆಣಿ ಹೊಡೆದರೆ ಸಲಾಕೆ ಸೀಳುತ್ತದೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತದೆ. ತೂತು ಕೊರೆದು ಬಿದಿರಿನ ಗೂಟ, ಮರದ ಅಂಟು ಸಾಕು.

ಹುಳ ಬಾರದ ಹಾಗೆ ಗೇರೆಣ್ಣೆ ಹಚ್ಚುವ ಕ್ರಮ ನಮ್ಮಲ್ಲಿದೆ. ಪಕ್ಕಾಸಿಗೆ ಸರಿ, ಇದಕ್ಕೆ ಬೇಡ. ಗೇರೆಣ್ಣೆ ಚರ್ಮ ಸುಡುತ್ತದೆ. ವಾರ್ನಿಷ್ ಹಚ್ಚಿ, ವಾಸನೆ ಪೂರಾ ಹೋದ ಮೇಲೆ ಆಭರಣ ಇಡಿ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ರಬ್ಬರಿನಲ್ಲೂ ಗಂಧಕ ಉಂಟು, ಗೆಜ್ಜೆಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ಮಳೆಗಾಲದಲ್ಲಿ ಬೆಳ್ಳಿಯನ್ನು ಸ್ಟ್ಯಾಂಡಿನಿಂದ ತೆಗೆದು ಮುಚ್ಚಳದ ಡಬ್ಬಿಯಲ್ಲಿ ಇಡಿ, ತಂಪು ಎಳೆಯಲಿಕ್ಕೆ ಒಂದು ಚಾಕ್‌ಪೀಸ್ ಹಾಕಿ. ಪವನುಗಟ್ಟಲೆ ಚಿನ್ನವನ್ನಂತೂ ಸ್ಟ್ಯಾಂಡಿನಲ್ಲಿ ತೂಗಾಡಿಸಬೇಡಿ. ಅದರ ಜಾಗ ಲಾಕರು.

ಇನ್ನು ಕ್ರಯದ ಮಾತು. ಮರ ತೋಟದ್ದು, ಗೆರಟೆ ಅಡಿಗೆಮನೆಯದ್ದು ಎಂದು ಸಿಕ್ಕಿದ ರೇಟಿಗೆ ಕೊಡುವ ಅಭ್ಯಾಸ ನಮ್ಮದು. ಒಂದಕ್ಕೆ ಅರ್ಧ ದಿನ ಹಿಡಿದರೆ ಅರ್ಧ ದಿನದ ಸಂಬಳ ಮೊದಲು ಬರೆಯಿರಿ. ಅಡಿಕೆ ಸುಲಿಯಲಿಕ್ಕೆ ಬಂದವರಿಗೆ ಕೊಡುವುದಿಲ್ಲವೇ? ಅದರ ಮೇಲೆ ಹಲಗೆ, ಅಂಟು, ವಾರ್ನಿಷಿನ ಖರ್ಚು. ಮೊದಲು ನಾಲ್ಕೈದು ಮಾಡಿ, ಸುಳ್ಯ, ಪುತ್ತೂರಿನ ಬಳೆ ಅಂಗಡಿಯವರಿಗೆ ತೋರಿಸಿ, ಕ್ರಯ ಗಿಟ್ಟಿದರೆ ಮಾತ್ರ ಹೆಚ್ಚು ಮಾಡಿ. ಇದಕ್ಕೆಂದು ಈಗಲೇ ಸಾಲದ ಅರ್ಜಿ ಹಿಡಿದುಕೊಂಡು ಬರಬೇಡಿ, ನಿರ್ದೇಶಕನಾಗಿಯೇ ಹೇಳುತ್ತಿದ್ದೇನೆ.

ಸಲಾಕೆ, ಉಳಿ, ಗರಗಸ ತಂದಿದ್ದೇನೆ. ಊಟದ ಮುಂಚೆ ಹೊರಗೆ ಜಗಲಿಯಲ್ಲಿ ಒಂದು ಮಾಡಿ ನೋಡುವ.