ಮತದಾರರು ಕೊಟ್ಟ ನಿವೃತ್ತಿ



ಈ ಲೋಧಿ ಕಾಲೋನಿಯ ಕ್ವಾರ್ಟರ್ಸುಗಳಲ್ಲಿರುವ ನಮ್ಮಂಥ ಗುಮಾಸ್ತರಿಗೆ ನಿವೃತ್ತಿಯ ತಾರೀಖು ನೌಕರಿಗೆ ಸೇರಿದ ದಿನವೇ ಗೊತ್ತಾಗಿಬಿಡುತ್ತದೆ. ಕೇಂದ್ರ ಸರ್ಕಾರ 1962ರಲ್ಲಿ ಆ ವಯಸ್ಸನ್ನು 55ರಿಂದ 58ಕ್ಕೆ ಏರಿಸಿತು, 1998ರಲ್ಲಿ 60ಕ್ಕೆ. ಅರವತ್ತು ತುಂಬಿದ ತಿಂಗಳ ಕೊನೆಗೆ ಒಂದು ಹಾರ, ನಾಲ್ಕು ಒಳ್ಳೆಯ ಮಾತು. ಆಮೇಲೆ ಮನೆ ಖಾಲಿ ಮಾಡುವ ಚಿಂತೆ. ಕಣ್ಣು ಚುರುಕಾಗಿದೆ, ಕಡತವೆಲ್ಲ ಬಾಯಿಪಾಠವಾಗಿದೆ ಎಂದರೆ ಕೇಳುವವರಿಲ್ಲ. ಹೈಕೋರ್ಟಿನ ನ್ಯಾಯಾಧೀಶರಿಗೂ 62 ಎಂದರೆ 62, ಸುಪ್ರೀಂ ಕೋರ್ಟಿನವರಿಗೆ 65. ಲೋಕಸಭೆಗೆ ನಿಲ್ಲಲು 25 ತುಂಬಿರಬೇಕೆಂದು ಸಂವಿಧಾನ ಹೇಳುತ್ತದೆ; ಸಾಕು ಎನ್ನುವ ವಯಸ್ಸನ್ನು ಹೇಳುವುದಿಲ್ಲ. ನಮಗೊಂದು ನ್ಯಾಯ, ಅವರಿಗೊಂದು ನ್ಯಾಯವೇ ಎಂದು ಪತ್ರಿಕೆ ಓದುತ್ತ ಗೊಣಗದವರು ನಮ್ಮಲ್ಲಿ ಯಾರಿದ್ದಾರೆ?

ಆದರೂ ಅವರಿಗೊಂದು ವಯಸ್ಸು ಗೊತ್ತುಮಾಡಿರೆಂದು ನಾವು ಕೇಳುವುದಿಲ್ಲ. ನಮ್ಮನ್ನು ನೇಮಿಸಿದ್ದು ಸರ್ಕಾರ, ಅವರನ್ನು ನೇಮಿಸುವುದು ಮತದಾರ. ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗೆಗೆ ಸೇತುವೆ ಕಟ್ಟುವ ಸ್ಥಳ ನೋಡಲು ಹೋಗಿದ್ದರು. (ದಿವಾನಗಿರಿಯನ್ನು ಮಾತ್ರ 57ರಲ್ಲೇ, 1918ರಲ್ಲಿ ಬಿಟ್ಟಿದ್ದರು ಎಂಬುದೂ ನೆನಪಿರಲಿ.)

ಪಕ್ಷಗಳೇ ಕಟ್ಟಳೆ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಭಾರತೀಯ ಜನತಾ ಪಕ್ಷದಲ್ಲಿ 75ರ ಗಡಿಯೊಂದಿದೆ ಎಂಬ ಮಾತು ಬಹಳ ದಿನ ಕೇಳಿಬಂತು. ಯಡಿಯೂರಪ್ಪನವರು 2019ರಲ್ಲಿ ಮುಖ್ಯಮಂತ್ರಿಯಾದಾಗ ಅವರಿಗೆ 76. 2021ರಲ್ಲಿ ರಾಜೀನಾಮೆ ಕೊಟ್ಟಾಗ 78. ಮರುವರ್ಷ ಪಕ್ಷದ ಸಂಸದೀಯ ಮಂಡಳಿಗೆ ಸೇರಿದಾಗ 79. ಇಂಥ ಗಡಿ ಬೇಕಾದಾಗ ಹಿಗ್ಗುತ್ತದೆ, ಬೇಕಾದಾಗ ಕುಗ್ಗುತ್ತದೆ.

ಹಾಗಾದರೆ ನಿವೃತ್ತಿ ಕೊಡುವವರು ಮತದಾರರೇ. 2019ರಲ್ಲಿ ಅವರು ಕೊಟ್ಟೂ ಬಿಟ್ಟರು. ತುಮಕೂರಿನಲ್ಲಿ 86 ವರ್ಷದ ದೇವೇಗೌಡರು ಸೋತರು. ಗೆದ್ದ ಬಸವರಾಜು ಅವರೂ 75 ದಾಟಿದವರೇ. ಹಾಗಾಗಿ ಜನ ನೋಡಿದ್ದು ವಯಸ್ಸನ್ನಲ್ಲ. ಕಲಬುರಗಿಯಲ್ಲಿ ಖರ್ಗೆಯವರು ಸೋತರು. 1972ರಿಂದ ಸೋಲನ್ನೇ ಕಾಣದವರು, ತೊಂಬತ್ತೈದು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ! ಮುಂದಿನ ವರ್ಷ, 2020ರ ಜೂನಿನಲ್ಲಿ, ಇಬ್ಬರೂ ರಾಜ್ಯಸಭೆಗೆ ಬಂದರು. ಅದೂ ಅವಿರೋಧವಾಗಿ, ಶಾಸಕರು ಕೂಡ ಮತ ಹಾಕುವ ಪ್ರಮೇಯ ಬರಲಿಲ್ಲ.

ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲ. ಇಬ್ಬರೂ ನಮ್ಮ ನಾಡಿನ ಹಿರಿಯರು. ಕನ್ನಡಿಗನೊಬ್ಬ ಪ್ರಧಾನಿಯಾದ ಹೆಮ್ಮೆ ನಮಗೆ ಇಂದಿಗೂ ಇದೆ. ಆದರೆ ತುಮಕೂರಿನ ರೈತ ಬಿಸಿಲಲ್ಲಿ ಸಾಲುನಿಂತು ಕೊಟ್ಟ ತೀರ್ಪಿಗೆ ಹದಿಮೂರು ತಿಂಗಳ ಬೆಲೆಯೇ? ಮುಂದಿನ ಬಾಗಿಲಲ್ಲಿ ಜನ ಬೇಡವೆಂದವರನ್ನು ಪಕ್ಷಗಳು ಪಕ್ಕದ ಬಾಗಿಲಿನಿಂದ ಕರೆದುಕೊಂಡರೆ, ನಿವೃತ್ತಿ ಕೊಡುವ ಅಧಿಕಾರ ಮತದಾರನ ಕೈಯಲ್ಲಿದೆ ಎಂಬ ನಮ್ಮ ಮಾತು ಉಳಿಯುವುದು ಹೇಗೆ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ವಯಸ್ಸಿನ ಗಡಿ ಬೇಡ. ಲೋಕಸಭೆಗೆ ನಿಂತು ಸೋತವರು ಆ ಲೋಕಸಭೆಯ ಅವಧಿ ಮುಗಿಯುವವರೆಗೆ ರಾಜ್ಯಸಭೆಗೆ ಬರಬಾರದು ಎಂದು ಕಾನೂನಾಗಲಿ. ಮೂವತ್ತರವರಿಗೂ ಎಂಬತ್ತರವರಿಗೂ ಅದೇ ನಿಯಮ.

ಅನುಭವಿಗಳನ್ನು ಒಂದು ಸೋಲಿಗೆ ಕಳೆದುಕೊಳ್ಳಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಖರ್ಗೆಯವರು 2021ರಲ್ಲಿ ಅದೇ ರಾಜ್ಯಸಭೆಯಲ್ಲಿ ಪ್ರತಿಪಕ್ಷದ ನಾಯಕರಾದರು; ನಮ್ಮ ನಿಯಮವಿದ್ದಿದ್ದರೆ ಅದು ಆಗುತ್ತಿರಲಿಲ್ಲ. ಆ ನಷ್ಟವನ್ನು ನಾವು ಒಪ್ಪುತ್ತೇವೆ. ಒಪ್ಪದವರು ಈ ಸಭೆಯಲ್ಲೇ ಇದ್ದಾರೆ. ಅವರ ವಾದ ಕೇಳಲು ವೇದಿಕೆ ಬಿಟ್ಟುಕೊಡುತ್ತೇವೆ.